ಕೋಕಿಲಾ ಅಳೆದ ರಸ್ತೆ

ಎನ್.ಆರ್. ಕಾಲೋನಿಯ ಕೋಕಿಲಾ ಮದುವೆಗೆ ಹೋದರೂ ಮೊದಲು ನೋಡುತ್ತಿದ್ದುದು ಛತ್ರದ ಮುಂದಿನ ರಸ್ತೆಯನ್ನು. ಬಿರುಕು ಯಾವ ಕಡೆ ಹರಡಿದೆ, ಯಾವ ಅಂಚಿನಲ್ಲಿ ನೀರು ನಿಲ್ಲುತ್ತಿದೆ ಎಂದು ಕಣ್ಣಾಡಿಸಿಕೊಂಡೇ ಒಳಗೆ ಹೋಗುವವಳು. ಅವಳ ಅಣ್ಣ ಶೀನಣ್ಣ, ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದವನು, ನಂಟರಿಗೆಲ್ಲ ಅವಳನ್ನು 'ನಮ್ಮನೆ ರಸ್ತೆ ಡಾಕ್ಟ್ರು' ಅಂತಲೇ ಪರಿಚಯ ಮಾಡಿಕೊಡುತ್ತಿದ್ದ. ತಮಾಷೆಯಾದರೂ ಸುಳ್ಳಲ್ಲ. ಐವತ್ತರ ಹತ್ತಿರದ ಕೋಕಿಲಾ ಮಲ್ಲೇಶ್ವರದ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಇಂಜಿನಿಯರು. ಹಳೆಯ ರಸ್ತೆಯ ಮೇಲೆ ಹೊಸ ಡಾಂಬರಿನ ಪದರ ಎಷ್ಟು ದಪ್ಪ ಇರಬೇಕು ಅಂತ ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ.

ಕೇಳಿದವರಿಗೆ ಅದೊಂದು ಕೆಲಸ ಅಂತಲೇ ಅನ್ನಿಸುತ್ತಿರಲಿಲ್ಲ. ಗುಂಡಿ ಬಿದ್ದ ರಸ್ತೆಗೆ ಟಾರು ಸುರಿದರಾಯಿತು, ಅದಕ್ಕೇನು ಲೆಕ್ಕ ಅನ್ನುವರು. ತೆಳ್ಳಗೆ ಹಾಕಿದರೆ ಕೆಳಗಿನ ಬಿರುಕು ಒಂದೇ ಮಳೆಗಾಲಕ್ಕೆ ಮೇಲೆ ಬರುತ್ತದೆ; ದಪ್ಪ ಹಾಕಿದರೆ ರಸ್ತೆ ಮನೆಗಳ ಹೊಸಿಲಿಗಿಂತ ಎತ್ತರವಾಗಿ ಮಳೆನೀರು ನಡುಮನೆಗೆ ನುಗ್ಗುತ್ತದೆ. ಎಷ್ಟು ಬೇಕು ಅನ್ನುವುದನ್ನು ರಸ್ತೆಯನ್ನೇ ಕೇಳಬೇಕು ಅಂತ ಕೋಕಿಲಾ ಹೇಳುತ್ತಿದ್ದಳು.

ಕೇಳುವ ಬಗೆ ಹೀಗೆ. ಕಲ್ಲುಪುಡಿ ತುಂಬಿದ ಲಾರಿಯೊಂದನ್ನು ರಸ್ತೆಯ ಮೇಲೆ ನಿಲ್ಲಿಸುತ್ತಾರೆ. ಅದರ ಹಿಂದಿನ ಜೋಡಿ ಚಕ್ರಗಳ ಸಂದಿಗೆ ಉದ್ದನೆಯ ಒಂದು ಬೀಮಿನ ಮೂತಿಯನ್ನು ತೂರಿಸುತ್ತಾರೆ. ಬೀಮಿನ ಇನ್ನೊಂದು ತುದಿಯಲ್ಲಿ ಗಡಿಯಾರದಂಥ ಡಯಲು. ಲಾರಿ ಮೆಲ್ಲಗೆ ಮುಂದೆ ಹೋದರೆ, ಅದರ ಭಾರಕ್ಕೆ ಕುಗ್ಗಿದ್ದ ರಸ್ತೆ ಕಣ್ಣಿಗೆ ಕಾಣದಷ್ಟು ಮೇಲೇಳುತ್ತದೆ, ಡಯಲಿನ ಮುಳ್ಳು ಅದನ್ನು ತೋರಿಸುತ್ತದೆ. ಎದ್ದದ್ದು ಜಾಸ್ತಿಯಾದಷ್ಟೂ ರಸ್ತೆ ನಿತ್ರಾಣ ಅಂತ ಅರ್ಥ, ಮೇಲೆ ಹಾಕುವ ಪದರ ಅಷ್ಟು ದಪ್ಪವಾಗಬೇಕು. ಬಿಸಿಲಿಗೆ ಡಾಂಬರು ಮೆತ್ತಗಾಗುವುದರಿಂದ ರಸ್ತೆಯ ಕಾವನ್ನೂ ಅಳೆದು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಕೋಕಿಲಾ ಈ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಾಡಿದ್ದಳು. ಒಂದು ರಸ್ತೆಗೂ ಹೆದರಿರಲಿಲ್ಲ.

ಚಾಮರಾಜಪೇಟೆಯಲ್ಲಿ ಬಸ್ಸು ಓಡಾಡುವ ಒಂದು ಅಡ್ಡರಸ್ತೆ ಅವಳ ಪಾಲಿಗೆ ಬಂದದ್ದು ಶಿವರಾತ್ರಿ ಆದಮೇಲೆ. ಎರಡೂ ಬದಿ ಹಳೆಯ ಮನೆಗಳು, ನಡುನಡುವೆ ಹೊಸ ಕಟ್ಟಡಗಳು, ಕೆಳಗಡೆ ಇಳಿಜಾರು. ಅಳತೆ ಸಲೀಸಾಗಿ ನಡೆಯಿತು. ರಸ್ತೆ ಹಳೆಯದು, ಸುಸ್ತಾಗಿದೆ, ಸುಧಾರಿಸಬಹುದು, ಅಷ್ಟೆ. ದೊಡ್ಡಬೈರಪ್ಪ ಅನ್ನುವವರ ಮನೆ ಮುಂದೆ ಮಾತ್ರ ಲಾರಿ ಮುಂದಕ್ಕೆ ಹೋದಮೇಲೆ ಮುಳ್ಳು ನಿಲ್ಲಲಿಲ್ಲ. ಬೇರೆ ಕಡೆಯೆಲ್ಲ ತಟಕ್ಕನೆ ತಿರುಗಿ ನಿಂತ ಮುಳ್ಳು ಇಲ್ಲಿ ದೊಡ್ಡದಾಗಿ ಒಮ್ಮೆ ಸುತ್ತಿ, ಆಮೇಲೂ ನಿಧಾನವಾಗಿ ತೆವಳುತ್ತಲೇ ಇತ್ತು. ಭಾರ ಇಳಿದು ಎಷ್ಟೋ ಹೊತ್ತಾದಮೇಲೂ ಕೆಳಗೆ ಏನೋ ಅಲುಗಾಡುತ್ತಿದ್ದಂತೆ. ಯಂತ್ರ ಕೆಟ್ಟಿದೆಯೇನೋ ಅಂತ ಅವಳು ಬೇರೆ ಡಯಲು ಹಾಕಿ ನೋಡಿದಳು. ಮಾರನೆಯ ದಿನ ಬಂದು ಮತ್ತೆ ನೋಡಿದಳು. ಮುಳ್ಳು ಹಿಂದಿನ ದಿನಕ್ಕಿಂತ ಹೆಚ್ಚು ತಿರುಗಿತು.

ಬಗ್ಗಿ ನೋಡಿದಾಗ ಅಲ್ಲಿನ ಬಿರುಕುಗಳು ದುಂಡಗೆ, ಒಂದರ ಸುತ್ತ ಒಂದು ಬಳೆ ಇಟ್ಟ ಹಾಗಿದ್ದವು. ಇಳಿಜಾರಿನ ಕೊನೆಯಲ್ಲಿ ಒಳಚರಂಡಿಯ ಮ್ಯಾನ್‌ಹೋಲ್ ಇತ್ತು. ಮೂಲೆ ಮುರಿದ ಅದರ ಮುಚ್ಚಳದಿಂದ ಇಣುಕಿದರೆ ಕೆಳಗೆ ನೀರು ಕೆಂಪಗೆ ಹರಿಯುತ್ತಿತ್ತು. ಮಳೆ ಬಂದು ತಿಂಗಳುಗಳೇ ಆಗಿದ್ದವು. ಕೆಮ್ಮಣ್ಣು ಎಲ್ಲಿಂದಲೋ ಬರುತ್ತಿದೆ. ಎಲ್ಲಿಂದ ಅನ್ನುವುದು ಅವಳಿಗೆ ನಿಂತಲ್ಲೇ ಹೊಳೆಯಿತು. ರಸ್ತೆಯಡಿಯ ಹಳೇ ಕಲ್ಲುಚರಂಡಿ ಎಲ್ಲೋ ಬಾಯಿಬಿಟ್ಟಿದೆ, ರಸ್ತೆ ಹೊತ್ತ ಮಣ್ಣನ್ನು ದಿನಾ ಇಷ್ಟಿಷ್ಟೇ ಎಳೆದುಕೊಳ್ಳುತ್ತಿದೆ.

ಕಾಮಗಾರಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ಇಂಜಿನಿಯರು ಅನಿಲ್ ಕುಮಾರ್ ಕೆಟ್ಟವನಲ್ಲ. ಗುಂಡಿಗಳ ಸಲುವಾಗಿ ಆ ಬೀದಿಯವರ ಬೈಗುಳ ವರ್ಷಗಟ್ಟಲೆ ತಿಂದವನು. ಕೋಕಿಲಾ ಹೇಳಿದಂತೆ ಅಗೆಯಬೇಕೆಂದರೆ ಚರಂಡಿಯವರನ್ನು ಕೇಳಬೇಕು, ಅವರು ಬರುವುದು ಯಾವಾಗಲೋ, ಅಗೆದ ರಸ್ತೆ ಬಾಯಿ ತೆರೆದುಕೊಂಡು ಮಳೆಗಾಲ ಕಳೆದರೆ ಜನ ತನ್ನನ್ನು ಉಳಿಸುವುದಿಲ್ಲ ಅಂತ ಅವನ ಭಯ.

"ಮೇಡಮ್, ಆ ಒಂದು ಪಾಯಿಂಟ್ ಲೆಕ್ಕದಿಂದ ಬಿಟ್ಬಿಡಿ," ಅಂದ. "ಊರಲ್ಲಿ ಒಬ್ಬನಿಗೆ ಜ್ವರ ಬಂದ್ರೆ ಎಲ್ಲರಿಗೂ ಕಷಾಯ ಕುಡಿಸ್ತೀರಾ?"

"ಜ್ವರ ಅಲ್ಲ ಸಾರ್," ಅಂದಳು ಕೋಕಿಲಾ. "ಅಲ್ಲಿ ಕೆಳಗಡೆ ಮಣ್ಣೇ ಇಲ್ಲ ಅನ್ಸುತ್ತೆ."

ಅವಳು ಉಳಿದ ರಸ್ತೆಗೆಲ್ಲ ದಪ್ಪ ಹೇಳಿ, ಆ ತುಂಡಿಗೆ ಮಾತ್ರ ಅಗೆದು ನೋಡುವ ತನಕ ಏನೂ ಹಾಕಬಾರದು ಅಂತ ಬರೆದಳು. ಕನ್ಸಲ್ಟೆನ್ಸಿಯ ಯಜಮಾನ ದೊರೆಸ್ವಾಮಿ ಅದನ್ನು ಹಾಗೆಯೇ ಕಳಿಸಿದರು. ಕಳಿಸಿದಮೇಲೆ ನಮ್ಮ ಜವಾಬ್ದಾರಿ ಮುಗೀತು, ತಲೆ ಕೆಡಿಸಿಕೋಬೇಡಿ ಅಂದರು. ಯುಗಾದಿಗೆ ಮುಂಚೆ ಟಾರು ಬಿತ್ತು. ರಸ್ತೆಯ ಈ ತುದಿಯಿಂದ ಆ ತುದಿಯವರೆಗೂ ಒಂದೇ ದಪ್ಪ, ಬಿಟ್ಟ ಜಾಗ ಇಲ್ಲ.

ಅವತ್ತು ಕೋಕಿಲಾ ಯಾರೂ ಕರೆಯದಿದ್ದರೂ ಹೋಗಿ ನಿಂತಿದ್ದಳು. ರೋಲರು ದೊಡ್ಡಬೈರಪ್ಪನವರ ಮನೆ ಮುಂದೆ ಬಂದಾಗ ಅದರ ಉರುಳೆಯ ಮುಂದೆ ಬಿಸಿ ಟಾರು, ಊದಿದ ಹಾಲಿನ ಕೆನೆಯಂತೆ, ಸಣ್ಣಗೆ ಸುಕ್ಕುಗಟ್ಟಿ ಸರಿಯಿತು. ರೋಲರು ಹಿಂದೆ ಬಂತು, ಮುಂದೆ ಹೋಯಿತು, ಸುಕ್ಕು ಅಡಗಿತು. ನುಣ್ಣನೆಯ ಕಪ್ಪು ರಸ್ತೆ. ಅಲ್ಲಿ ಏನಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಬೀದಿಗೆಲ್ಲ ಸಂಭ್ರಮ. ದೊಡ್ಡಬೈರಪ್ಪ ಮಾಗಡಿ ಕಡೆಯವರು. ಅಪ್ಪನ ಕಾಲದಲ್ಲಿ ಹೊಲ ಬಿಟ್ಟು ಬಂದು, ಮನೆ ಕಟ್ಟಿ ಬಾಡಿಗೆಗೆ ಬಿಟ್ಟು, ಒಂದು ಸಲ ವಾರ್ಡ್ ಚುನಾವಣೆಗೂ ನಿಂತು ಸೋತವರು. ಈ ರಸ್ತೆಗಾಗಿ ಅವರು ಕಚೇರಿ ಸುತ್ತಿದ್ದಕ್ಕೆ ಲೆಕ್ಕವಿಲ್ಲ. ಲಾಡು ಹಂಚಿದರು. ದಾರಿಯಲ್ಲಿ ನಿಂತಿದ್ದ ಕೋಕಿಲಾಳ ಕೈಗೂ ಒಂದು ಬಂತು. ಅದನ್ನು ಅವಳು ತಿನ್ನಲಾರದೆ ಮನೆಗೆ ತಂದಳು.

ಅಲ್ಲಿಂದ ಅವಳಿಗೆ ನೆಮ್ಮದಿ ಹೋಯಿತು. ಆಫೀಸಿಗೆ ಹೋಗುವ ದಾರಿಯಲ್ಲಿ ದಿನಾ ಚಾಮರಾಜಪೇಟೆಯಲ್ಲಿ ಇಳಿದು ಆ ರಸ್ತೆ ನೋಡಿಕೊಂಡು ಹೋಗುವಳು. ಮೇಲ್ಗಡೆ ಏನೂ ಇಲ್ಲ, ಕನ್ನಡಿಯಂತೆ ಇದೆ. ಇಳಿಜಾರಿನ ಮ್ಯಾನ್‌ಹೋಲಿನಲ್ಲಿ ನೀರು ಇನ್ನೂ ಕೆಂಪು. ಒಂದು ದಿನ ದೊಡ್ಡಬೈರಪ್ಪನವರ ಹೆಂಡತಿ ತಿಮ್ಮಕ್ಕ ಗೇಟಿನ ಚಿಲಕದ ಜೊತೆ ಗುದ್ದಾಡುತ್ತಿದ್ದರು. ಹೋದ ವಾರದವರೆಗೆ ಸರಿಯಾಗಿದ್ದ ಚಿಲಕ ಈಗ ತೂತಿಗೆ ಕೂರುತ್ತಿರಲಿಲ್ಲ. ಅವರು ಕೋಕಿಲಾಳ ಗುರುತು ಹಿಡಿದು, ಲಾರಿ ತಂದು ಅಳೆದೋಳು ನೀನೇ ಅಲ್ಲವೇನಮ್ಮ ಅಂತ ಒಳಗೆ ಕರೆದರು.

ಕಾಫಿ ಕೊಡುತ್ತ ತಿಮ್ಮಕ್ಕ ದನಿ ತಗ್ಗಿಸಿ ಕೇಳಿದರು. "ಮೊದ್ಲು ಗುಂಡಿ ಇದ್ದಾಗ ಬಸ್ಸು ಧಡಾರಂತ ಹೋಗೋದು, ಮನೇಲಿ ಒಂದು ಲೋಟ ಅಲ್ಲಾಡ್ತಿರ್ಲಿಲ್ಲ. ಈಗ ಬಸ್ಸು ಸದ್ದೇ ಇಲ್ದೆ ಹೋಗುತ್ತೆ, ಸ್ಟ್ಯಾಂಡಲ್ಲಿರೋ ಲೋಟ ಎಲ್ಲಾ ಜಣಜಣ ಅಂತವೆ. ಯಾಕಮ್ಮ ಹಂಗೆ?"

ಮಾತು ಮುಗಿಯುವುದರೊಳಗೆ ಹೊರಗೆ ಬಸ್ಸೊಂದು ಹಾದುಹೋಯಿತು. ಅಡುಗೆಮನೆಯಲ್ಲಿ ಸ್ಟೀಲು ಪಾತ್ರೆಗಳು, ಮುಟ್ಟಿದವರಿಲ್ಲದೆ, ಒಂದಕ್ಕೊಂದು ತಾಕಿ ನಡುಗಿದವು. ಆಮೇಲೆ ಕೋಕಿಲಾ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿದಳು.

ಒಳಗೆ ಪೇಪರು ಓದುತ್ತಿದ್ದ ದೊಡ್ಡಬೈರಪ್ಪ ಬಂದು ನಿಂತು ಕೇಳಿಸಿಕೊಂಡರು. ಮೊದಲು ಅವರಿಗೆ ಸಿಟ್ಟೇ ಬಂತು. ತಾನು ಓಡಾಡಿ ಹಾಕಿಸಿದ ರಸ್ತೆ, ಅದಕ್ಕೆ ದೃಷ್ಟಿ ಹಾಕಬೇಡಿ ಅಂದರು. ಕೋಕಿಲಾ ಅವರನ್ನು ಮ್ಯಾನ್‌ಹೋಲಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಹೊಲದ ಮಣ್ಣು ಕಂಡ ಮನುಷ್ಯ ಆ ಕೆಂಪು ನೀರನ್ನು ನೋಡುತ್ತ ಬಹಳ ಹೊತ್ತು ನಿಂತರು. ಹಿಂತಿರುಗುವಾಗ ಅವರು ರಸ್ತೆ ಬಿಟ್ಟು ಗೋಡೆ ಪಕ್ಕದಲ್ಲಿ ನಡೆದರು.

ಆ ವೇಳೆಗೆ ಕೋಕಿಲಾ ತಾನು ಹೋಗಬಹುದಾದ ಕಡೆಗೆಲ್ಲ ಹೋಗಿಬಂದಿದ್ದಳು. ರಸ್ತೆ ಮುಚ್ಚಿ ಅಂದದ್ದಕ್ಕೆ ಠಾಣೆಯಲ್ಲಿ ರಸ್ತೆ ಕಚೇರಿಯಿಂದ ಕಾಗದ ತನ್ನಿ ಅಂದಿದ್ದರು. ರಸ್ತೆ ಕಚೇರಿಯಲ್ಲಿ ರಸ್ತೆ ಚೆನ್ನಾಗಿದೆ, ಕಾಗದ ಯಾಕೆ ಅಂದಿದ್ದರು. ಅದನ್ನು ಕೇಳಿ ದೊಡ್ಡಬೈರಪ್ಪ ತಲೆಯಾಡಿಸಿದರು.

"ಈ ಊರಲ್ಲಿ ರಸ್ತೆ ಮುಚ್ಚೋಕೆ ಕಾಗದ ಯಾತಕಮ್ಮ? ಶಾಮಿಯಾನ ಸಾಕು."

ಪಕ್ಕದ ಬೀದಿಯಲ್ಲಿ ಏಕಾಂತಯ್ಯ ಅಂತ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವರಿದ್ದರು. ಮಿತಭಾಷಿ. ಮದುವೆಯೋ ತಿಥಿಯೋ ಗಣೇಶನೋ, ಹೇಳಿದ ಕಡೆ ಕಟ್ಟಿ ಹೋಗುವುದು ಅವರ ಅಭ್ಯಾಸ. ಮಾರನೆಯ ಬೆಳಿಗ್ಗೆ ಬಂದು, ಕೋಕಿಲಾ ಆ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಹೊರಗೆ, ಎರಡೂ ಕಡೆ ಕಂಬ ನಿಲ್ಲಿಸಿ, ಅಡ್ಡಕ್ಕೆ ಬಟ್ಟೆ ಕಟ್ಟಿ, ಕುರ್ಚಿ ಪೇರಿಸಿಟ್ಟರು. ಗೆರೆಯ ಒಳಗೆ ಯಾರೂ ಕಾಲಿಡಬಾರದು ಅಂದಾಗ ಯಾಕೆ ಅಂತ ಕೇಳಲಿಲ್ಲ. ಬಸ್ಸುಗಳು ಹಿಂದಿನ ರಸ್ತೆಗೆ ತಿರುಗಿದವು.

ಕಾರ್ಯವಿಲ್ಲದ ಶಾಮಿಯಾನ ಅದು. ಅಡುಗೆಯ ಹೊಗೆ ಇಲ್ಲ, ಓಲಗ ಇಲ್ಲ, ಕೂತವರಿಲ್ಲ. ಬಿಸಿಲಿನಲ್ಲಿ ಬಟ್ಟೆ ಪಟಪಟ ಹೊಡೆದುಕೊಳ್ಳುವುದು ಬಿಟ್ಟರೆ ಸದ್ದಿಲ್ಲ. ದಾರಿಹೋಕರು ಚಪ್ಪಲಿ ಸದ್ದು ತಗ್ಗಿಸಿ ನಡೆದು, ಯಾರು ಹೋಗಿಬಿಟ್ರು ಅಂತ ತಿಮ್ಮಕ್ಕನನ್ನು ಕೇಳುವರು. ಯಾರೂ ಇಲ್ಲ ಅಂದರೆ ನಂಬುತ್ತಿರಲಿಲ್ಲ. ಮೇಲಿನ ತಿರುವಿನ ಮುದುಕಿಯೊಬ್ಬಳು ಹೂವಿನ ಹಾರ ತಂದು, ಯಾರಿಗೆ ಹಾಕುವುದು ಅಂತ ತಿಳಿಯದೆ, ಪೇರಿಸಿದ ಕುರ್ಚಿಗಳ ಮೇಲಿಟ್ಟು ಕೈಮುಗಿದು ಹೋದಳು. ಅದನ್ನು ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಅಲ್ಲೇ ಬಾಡಿತು.

ವಾರ ತುಂಬುವುದರೊಳಗೆ ಅಂಗಡಿಯವರು ದೂರು ಕೊಟ್ಟರು. ಬೆಳಿಗ್ಗೆ ತಂಪಿನ ಹೊತ್ತಿನಲ್ಲೇ ಅನಿಲ್ ಕುಮಾರ್ ಜೀಪಿನಲ್ಲಿ ಬಂದ, ಜೊತೆಗೆ ಇಬ್ಬರು ಪೊಲೀಸರು. ಜನ ಸೇರಿದರು. ಕೋಕಿಲಾ ಕೆಂಪು ನೀರಿನ ವಿಷಯ ಹೇಳಿದಳು, ಪಾತ್ರೆ ನಡುಗುವುದನ್ನು ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ದೆವ್ವದ ಕತೆಯಂತೆ ಕೇಳಿಸಿತು.

"ಇಲ್ಲೇನಾ ಮೇಡಮ್?" ಅಂತ ಅನಿಲ್ ಕುಮಾರ್ ಸೀಮೆಸುಣ್ಣದ ಗೆರೆ ದಾಟಿ ನಡುವೆ ಹೋಗಿ ನಿಂತ. ಎರಡು ಸಲ ಹಿಮ್ಮಡಿಯಿಂದ ಗುದ್ದಿದ. ತಿಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಏನೂ ಆಗಲಿಲ್ಲ. ಅವನು ಡ್ರೈವರನಿಗೆ ಕೈಮಾಡಿದ. ಬಟ್ಟೆ ಸರಿಸಿ ಜೀಪು ಒಳಗೆ ಬಂದು, ಆ ಜಾಗದ ಮೇಲೆ ಭರ್ರನೆ ಹಾದು, ತಿರುಗಿಸಿಕೊಂಡು ಇನ್ನೊಮ್ಮೆ ಹಾಯಿತು. ರಸ್ತೆ ಮಿಸುಕಲಿಲ್ಲ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ದೊಡ್ಡಬೈರಪ್ಪ ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಿಚ್ಚಬೇಕು ಅಂತ ಏಕಾಂತಯ್ಯನವರಿಗೆ ಹೇಳಿ ಜೀಪು ಹೊರಟಿತು.

ಕೋಕಿಲಾ ಸುಮ್ಮನೆ ನಡೆದಳು. ಎತ್ತ ಅಂತಿಲ್ಲದೆ ಎಷ್ಟೋ ಹೊತ್ತು ಅಲೆದಳು. ತಾನೇ ತಪ್ಪಿರಬಹುದು ಅಂತ ಅವಳಿಗೆ ಮೊದಲ ಸಲ ಅನ್ನಿಸಿತು. ಮುಳ್ಳು ತೆವಳಿದ್ದು ಯಂತ್ರದ ದೋಷವೇನೋ, ಕೆಮ್ಮಣ್ಣು ಇನ್ನೆಲ್ಲಿಂದಲೋ ಬರುತ್ತಿದೆಯೇನೋ. ಹಾಗೆ ಅಂದುಕೊಂಡಾಗ ಎದೆ ಹಗುರವಾದದ್ದೂ ನಿಜ. ಬಿಸಿಲು ನೆತ್ತಿಗೇರಿತ್ತು. ಕಬ್ಬಿನಹಾಲಿನ ಗಾಡಿಯ ಹತ್ತಿರ ನಿಂತು ಒಂದು ಲೋಟ ಕುಡಿದು ಹೊರಡಲು ಕಾಲೆತ್ತಿದರೆ ಚಪ್ಪಲಿ ಅಂಟಿಕೊಂಡಿತು. ನೋಡಿದರೆ ಅವಳು ನಿಂತಿದ್ದ ಕಡೆ ಟಾರಿನಲ್ಲಿ ಹಿಮ್ಮಡಿಯ ಎರಡು ಅಚ್ಚು ಮೂಡಿದ್ದವು.

ಆ ಅಚ್ಚು ನೋಡುತ್ತಲೇ ಅವಳಿಗೆ ಗೊತ್ತಾಯಿತು. ಜೀಪು ಹಾದದ್ದು ಬೆಳಗಿನ ತಂಪಿನಲ್ಲಿ, ಅದೂ ವೇಗವಾಗಿ. ತಣ್ಣಗಿರುವ ಡಾಂಬರು ಗಟ್ಟಿ. ಟೊಳ್ಳಿನ ಮೇಲೆ ಮುಚ್ಚಳದಂತೆ ಸೆಟೆದು ನಿಲ್ಲುತ್ತದೆ, ಓಡುವ ಗಾಡಿಯನ್ನು ದಾಟಿಸಿಬಿಡುತ್ತದೆ. ಈ ಉರಿಬಿಸಿಲಿನಲ್ಲಿ ಅದೇ ಡಾಂಬರು ಮೆತ್ತಗಾಗಿರುತ್ತದೆ. ಅದರ ಮೇಲೆ ಭಾರದ ಗಾಡಿಯೊಂದು ಬಂದು ನಿಂತರೆ? ಬಿಚ್ಚಿದ ಕಂಬಗಳನ್ನು ತುಂಬುವ ಗಾಡಿ ನಿಂತೇ ಇರಬೇಕು. ಕೋಕಿಲಾ ಓಡಿದಳು.

ತಿರುವಿನಿಂದಲೇ ಕಾಣಿಸಿತು. ಶಾಮಿಯಾನದ ಟೆಂಪೋ, ಎರಡೂ ಕಡೆಯ ಕಂಬಗಳಿಗೆ ಅನುಕೂಲವಾಗಲಿ ಅಂತ, ನಟ್ಟನಡುವೆ ನಿಂತಿತ್ತು. ಕಬ್ಬಿಣದ ಕೊಳವೆಗಳು ಅರ್ಧಕ್ಕೂ ಹೆಚ್ಚು ತುಂಬಿದ್ದವು. ಏಕಾಂತಯ್ಯ ಗಾಡಿಯ ಹಿಂಬದಿಯಲ್ಲಿ ನಿಂತು ಕುರ್ಚಿ ಎತ್ತಿಡುತ್ತಿದ್ದರು.

"ಏಕಾಂತಯ್ಯನೋರೇ, ಗಾಡಿ ಮುಂದೆ ತೆಗೆಸಿ, ನೀವು ಈ ಕಡೆ ಬಂದ್ಬಿಡಿ!"

ಅವರು ತಿರುಗಿ ನೋಡಿ, ಆಯ್ತಮ್ಮ ಅನ್ನುವಂತೆ ಕೈ ಎತ್ತಿದರು. ಮೊದಲು ಸದ್ದಾಗಲಿಲ್ಲ. ಹಳೆಯ ಮಂಚದ ನವಾರು ಜಗ್ಗಿದಂತೆ ರಸ್ತೆ ಟೆಂಪೋದ ಹಿಂದಿನ ಚಕ್ರಗಳ ಕೆಳಗೆ ಮೆಲ್ಲಗೆ ಜಗ್ಗಿತು. ಅದನ್ನು ಅವಳು ಕಣ್ಣಾರೆ ಕಂಡಳು, ಏಕಾಂತಯ್ಯನವರೂ ಕೆಳಗೆ ನೋಡಿಕೊಂಡರು. ಆಮೇಲೆ ಒಮ್ಮೆಲೇ ಎಲ್ಲ ಒಳಕ್ಕೆ ಹೋಯಿತು. ಗಾಡಿ ಮೂತಿ ಮೇಲೆ ಮಾಡಿಕೊಂಡು ಹಿಂದಕ್ಕೆ ಜಾರಿತು, ಕೊಳವೆಗಳು ಗಣಗಣ ಸುರಿದವು. ಕೊಳಚೆಯ ವಾಸನೆ ಬೀದಿ ತುಂಬಿತು.

ಡ್ರೈವರು ಬಾಗಿಲಿನಿಂದ ಹಾರಿಕೊಂಡ. ಏಕಾಂತಯ್ಯನವರನ್ನು ಮೇಲೆತ್ತುವಷ್ಟರಲ್ಲಿ ಬಹಳ ಹೊತ್ತಾಯಿತು. ಜೀವ ಉಳಿಯಿತು, ಬಲಗಾಲು ಮಂಡಿಯ ಕೆಳಗೆ ಉಳಿಯಲಿಲ್ಲ.

ಅವರನ್ನು ಆಸ್ಪತ್ರೆಗೆ ಸಾಗಿಸಿದಮೇಲೆ ಕೋಕಿಲಾ ಅಂಚಿನಿಂದ ಒಳಗೆ ನೋಡಿದಳು. ಕೆಳಗೆ ಒಂದು ಕೋಣೆಯಷ್ಟು ಜಾಗ ಖಾಲಿ ಇತ್ತು. ತಳದಲ್ಲಿ ಹಳೇ ಕಲ್ಲುಚರಂಡಿಯ ಚಪ್ಪಡಿ ಮುರಿದು, ನೀರು ಏನೂ ಆಗಿಲ್ಲವೆಂಬಂತೆ ಹರಿದುಹೋಗುತ್ತಿತ್ತು. ಮುರಿದ ಅಂಚಿನಲ್ಲಿ ಹೊಸ ಟಾರಿನ ಪದರ ಕತ್ತರಿಸಿದ ಹಲ್ವದಂತೆ ಕಾಣುತ್ತಿತ್ತು. ಅಭ್ಯಾಸಬಲದಿಂದ ಅವಳ ಕಣ್ಣು ಅದನ್ನು ಅಳೆಯಿತು. ಅವಳು ಉಳಿದ ರಸ್ತೆಗೆ ಎಷ್ಟು ಹೇಳಿದ್ದಳೋ ಅಷ್ಟೇ ದಪ್ಪ. ಗುತ್ತಿಗೆದಾರ ಅದರಲ್ಲಿ ಮೋಸ ಮಾಡಿರಲಿಲ್ಲ.

ಆಸ್ಪತ್ರೆಗೆ ಹೋದಾಗ ಏಕಾಂತಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರ ಹೆಂಡತಿ ಯಮುನಾ ಹಾಸಿಗೆ ಪಕ್ಕದ ಸ್ಟೂಲಿನ ಮೇಲಿದ್ದರು. ಬೈಯಲಿಲ್ಲ, ಅಳಲಿಲ್ಲ.

"ಕೆಳಗೆ ಟೊಳ್ಳು ಅಂತ ನಿಮಗೆ ಗೊತ್ತಿತ್ತಲ್ವಾ ಅಮ್ಮ?" ಅಂದರು. "ಮತ್ತೆ ನಮ್ಮೋರನ್ನ ಯಾಕೆ ಅಲ್ಲಿಗೆ ಕರೆಸಿದ್ರಿ?"

ಬಸ್ಸು ಬೀಳುವುದನ್ನು ತಪ್ಪಿಸಲು ಅಂತ ಹೇಳಬಹುದಿತ್ತು. ಬೀಳದ ಬಸ್ಸನ್ನು ಯಾರಿಗೆ ತೋರಿಸುವುದು? ಕೋಕಿಲಾ ತಂದಿದ್ದ ಹಣ್ಣನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಆಮೇಲೂ ಅವಳು ಹೋಗುವುದನ್ನು ಬಿಡಲಿಲ್ಲ. ಯಮುನಾ ಕೂರಲು ಸ್ಟೂಲು ಕೊಡುತ್ತಾರೆ, ಮಾತಾಡುವುದಿಲ್ಲ.

ವಿಚಾರಣೆ ನಡೆಯಿತು. ಭಾರದ ವಾಹನವನ್ನು ಬಹಳ ಹೊತ್ತು ನಿಲ್ಲಿಸಿದ್ದರಿಂದ ರಸ್ತೆ ಕುಸಿಯಿತು ಅಂತ ತೀರ್ಮಾನವಾಯಿತು. ಅನಿಲ್ ಕುಮಾರನಿಗೆ ಬೇರೆ ಕಡೆಗೆ ವರ್ಗವಾಯಿತು. ಹೋಗುವ ಮುಂಚೆ ಅವನೊಂದು ದಿನ ಕೋಕಿಲಾಳಿಗೆ ಫೋನು ಮಾಡಿದ. ತಪ್ಪಾಯಿತು ಅಂತ ಅನ್ನಲಿಲ್ಲ. "ನಾನು ಅದರ ಮೇಲೆ ನಿಂತಿದ್ದೆ ಮೇಡಮ್," ಅಂದ. ಮತ್ತೆ, "ಗುದ್ದಿ ಬೇರೆ ನೋಡಿದ್ದೆ," ಅಂತ ಹೇಳಿ ಇಟ್ಟುಬಿಟ್ಟ.

ಕುಸಿದ ಕಡೆ ಚಪ್ಪಡಿ ಬದಲಿಸಿ, ಮಣ್ಣು ತುಂಬಿ, ಟಾರು ಹಾಕಿದರು. ಬಸ್ಸು ಮತ್ತೆ ಬಂತು. ದೊಡ್ಡಬೈರಪ್ಪ, ತಿಮ್ಮಕ್ಕ ಈಗ ಹಿಂಬದಿಯ ಕೋಣೆಯಲ್ಲಿ ಮಲಗುತ್ತಾರೆ. ಅದೇ ಕಲ್ಲುಚರಂಡಿ ಮುಂದೆ ಎಲ್ಲೆಲ್ಲಿ ಹೋಗುತ್ತದೆ, ಅಲ್ಲಿ ಹೇಗಿದೆ ಅಂತ ಅಗೆದು ನೋಡಿ ಅಂತ ಕೋಕಿಲಾ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಗುಂಡಿ ತೋಡಿ ನೋಡದೆ ಯಾವ ರಸ್ತೆಗೂ ದಪ್ಪ ಹೇಳುವುದಿಲ್ಲ ಅಂತ ಅವಳು ಹಟ ಹಿಡಿದ ಮೇಲೆ ದೊರೆಸ್ವಾಮಿ ಅವಳಿಗೆ ಕೆಲಸ ಕೊಡುವುದನ್ನು ಕಡಿಮೆ ಮಾಡಿದರು.

ಮಳೆಗಾಲ ಕಳೆದು ದಸರೆಯ ಹೊತ್ತಿಗೆ, ಇಳಿಜಾರಿನ ಕೆಳಗಿನ ಬೀದಿಯಲ್ಲಿ ರಸ್ತೆ ಕೆಲಸ ಶುರುವಾಗಿದೆ ಅಂತ ತಿಮ್ಮಕ್ಕ ಫೋನಿನಲ್ಲಿ ಹೇಳಿದರು. ಆ ಬೀದಿಗೆ ಯಾರು ಅಳೆದರು, ಅಳೆದರೋ ಇಲ್ಲವೋ, ಕೋಕಿಲಾಳಿಗೆ ಗೊತ್ತಿರಲಿಲ್ಲ. ಹೋಗಿ ನೋಡಿದರೆ ಅರ್ಧ ಬೀದಿಗೆ ಆಗಲೇ ಟಾರು ಬಿದ್ದಿತ್ತು. ಜನ ಗೇಟಿನಲ್ಲಿ ನಿಂತು ಖುಷಿಯಿಂದ ನೋಡುತ್ತಿದ್ದರು. ಅವಳು ಟಾರು ಬೀಳದ ಕಡೆ ಬಗ್ಗಿ ನೋಡಿ, ಎದ್ದು, ಮೊದಲನೆಯ ಮನೆಯ ಬೆಲ್ ಒತ್ತಿದಳು. ಬಾಗಿಲು ತೆಗೆದಾತ ಅವಳನ್ನು ಮೇಲಿಂದ ಕೆಳಗೆ ನೋಡಿ, ಯಾವ ಪಾರ್ಟಿ ಕಡೆಯಿಂದ ಬಂದಿದೀರಾ ಅಂತ ಕೇಳಿದ.

"ಯಾವ ಪಾರ್ಟಿನೂ ಅಲ್ಲ ಸಾರ್," ಅಂದಳು ಕೋಕಿಲಾ. "ನಿಮ್ಮನೇಲಿ ಬಸ್ಸು ಹೋದಾಗ ಪಾತ್ರೆ ಅಲ್ಲಾಡುತ್ತಾ?"

ಆತ ಒಳಗೆ ತಿರುಗಿ, ಹೆಂಡತಿಯನ್ನು ಕೂಗಿದ.